ಬೀರುವಿನ ಬಾಗಿಲಿಗೆ ಎಂಟು ತಂತಿ

ಮನೆಯಿಂದ, ಮೊದಲನೇ ಮಹಡಿ
ಹದಿನಾಲ್ಕನೇ ತಾರೀಖು, ಶನಿವಾರ, ಬಟ್ಟೆ ಒಣಗುವ ಹೊತ್ತು

ಹಳೇ ಸಾಮಾನಿನ ಮಾರ್ಕೆಟ್ಟಿನ ಏಕೈಕ ಆಧಾರಸ್ತಂಭವಾದ ನನ್ನ ಯಜಮಾನರಿಗೆ,

ಈ ಮನೆಯ ಚರಿತ್ರೆಯಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಬೇಕಾದ ಸುದ್ದಿಯನ್ನು ತಿಳಿಸಲು ಈ ಕಾಗದ. ಬೀರುವಿನ ಮೇಲಿದ್ದ ಮ್ಯಾಂಡೊಲಿನ್ನಿನ ಧೂಳು ಒರೆಸಲಾಯಿತು. ಒರೆಸಿದವಳು ನಾನು, ಸೀನಿದವಳೂ ನಾನೇ. ವಿವರಕ್ಕೆ ಇಳಿಯುವ ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಕೆಮ್ಮು ಹೇಗಿದೆ? ಸೇತುವೆಯ ಮೇಲೆ ಗಾಳಿಗೆ ನಿಂತು ಕೆಲಸ ಮಾಡಿಸುವಾಗ ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೀರೋ, ಅಥವಾ ಕೆಲಸದವರ ಮುಂದೆ ಮರ್ಯಾದೆ ಹೋದೀತೆಂದು ಅದನ್ನು ಜೇಬಿನಲ್ಲಿ ಬೆಚ್ಚಗಿಟ್ಟಿದ್ದೀರೋ? ಉತ್ತರ ಬರೆಯಬೇಡಿ, ನನಗೆ ಗೊತ್ತು. ನಾನು ಆರೋಗ್ಯವಾಗಿದ್ದೇನೆ. ಎಡಗೈ ಬೆರಳ ತುದಿಗಳು ಉರಿಯುತ್ತಿವೆ, ಅಷ್ಟೇ.

ನೀವು ಹೊರಡುವ ಒಂದು ತಿಂಗಳ ಮೊದಲು ಈ ಮ್ಯಾಂಡೊಲಿನ್ನನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಬಂದದ್ದು ನೆನಪಿದೆಯಷ್ಟೆ? "ಎಲ್ಲೂ ಮಾಡಿದೋರ ಹೆಸರೇ ಇಲ್ಲ ನೋಡೇ! ದೊಡ್ಡ ಕೈಗಳು ಹೆಸರು ಹಾಕಲ್ಲ ಕಣೇ" ಎಂದು ಕಣ್ಣರಳಿಸಿದಿರಿ. ಒಂದೇ ಮುಳ್ಳಿನ ಗಡಿಯಾರ ತಂದಾಗಲೂ ನಿಮ್ಮ ಕಣ್ಣು ಹೀಗೇ ಅರಳಿತ್ತು. ಈ ಸಲ ಮಾತ್ರ ನಮ್ಮಲ್ಲಿ ಒಪ್ಪಂದವಾಯಿತು. ನೀವು ಕೊಟ್ಟದ್ದಕ್ಕಿಂತ ಇದು ಹೆಚ್ಚು ಬಾಳಿದರೆ, ನಿಮ್ಮ ಖರೀದಿಗಳ ಬಗ್ಗೆ ನಾನು ಇನ್ನು ತುಟಿ ಬಿಚ್ಚಬಾರದು. ಕಡಿಮೆ ಬಾಳಿದರೆ ನೀವು ಆ ಮಾರ್ಕೆಟ್ಟಿನ ಕಡೆ ತಲೆ ಹಾಕಿಯೂ ಮಲಗಬಾರದು. ಗಡಿಯಾರದಂಗಡಿಯವನು ನಿಮ್ಮ ಗಡಿಯಾರಕ್ಕೆ ಕಟ್ಟಿದ ಬೆಲೆಯ ಗಾಯ ಇನ್ನೂ ಹಸಿಯಾಗಿದ್ದರಿಂದ ನೀವೇ ಒಂದು ಷರತ್ತು ಸೇರಿಸಿದಿರಿ: "ಬೆಲೆ ಅಂದ್ರೆ ಯಾರೋ ಬಾಯಲ್ಲಿ ಹೇಳೋದಲ್ಲ, ಮಾರಿದಾಗ ಕೈಗೆ ಬರೋದು." ನಾನು ಒಪ್ಪಿದೆ. ನಿಮ್ಮನ್ನು ಬಸ್ಸು ಹತ್ತಿಸಿ ಬಂದವಳೇ ಕಾರ್ಯಾಚರಣೆಗೆ ಇಳಿದೆ.

ಮ್ಯಾಂಡೊಲಿನ್ನಿನ ಹೊಟ್ಟೆಯ ಮೇಲಿನ ದುಂಡು ತೂತಿನೊಳಗೆ ಏನಾದರೂ ಗುರುತಿರಬಹುದೆಂದು, ನೋಡಲು ಪುಟ್ಟ ಕನ್ನಡಿ ಬೇಕಾಯಿತು. ಅಂಥ ಕನ್ನಡಿ ಇರುವುದು ನಮ್ಮ ಕೆಳಗಿನ ಮನೆಯ ಹಲ್ಲಿನ ಡಾಕ್ಟರ ಹತ್ತಿರ. ಅವರು ಕನ್ನಡಿ ಕೊಟ್ಟು ಸುಮ್ಮನಿರುವ ಪೈಕಿಯೇ? "ಕೂರಿಸಿ, ಕೂರಿಸಿ" ಎಂದು ಮ್ಯಾಂಡೊಲಿನ್ನನ್ನು ರೋಗಿಗಳ ಕುರ್ಚಿಯಲ್ಲೇ ಒರಗಿಸಿ, ದೀಪ ಎಳೆದು, ಕನ್ನಡಿ ಇಳಿಬಿಟ್ಟರು. ನನಗೆ ಅದರ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಕೈ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರು ತಲೆಯೆತ್ತಿ ಗಂಭೀರವಾಗಿ ನುಡಿದರು: "ಹೆಸರು ಗಿಸರು ಏನೂ ಇಲ್ಲ ಮೇಡಂ. ಹಿಂದಿನ ಹಲಗೆಯಲ್ಲಿ ಆರು ಕಡೆ ಫಿಲ್ಲಿಂಗ್ ಆಗಿದೆ. ಮಾಡಿದೋರು ಯಾರೋ, ಕೈ ಚೆನ್ನಾಗಿದೆ." ಆಮೇಲೆ ತಮ್ಮದೇ ರೋಗಿಯೊಬ್ಬರ ವಿಳಾಸ ಕೊಟ್ಟರು. ವಾದ್ಯ ರಿಪೇರಿಯ ಮುದುಕರು, ಊರೆಲ್ಲ ತಂತಿ ತಾತ ಎನ್ನುತ್ತದೆ. ತಾತನ ಮೇಲಿನ ಹಲ್ಲಿನ ಸೆಟ್ಟು ನಮ್ಮ ಡಾಕ್ಟರಲ್ಲೇ ತಯಾರಾಗುತ್ತಿದೆ.

ತಂತಿ ತಾತ ಹಲ್ಲಿಲ್ಲದಿದ್ದರೂ ಮಾತಿಗೆ ಬಡವರಲ್ಲ. ಮ್ಯಾಂಡೊಲಿನ್ ಮುಟ್ಟುವ ಮೊದಲು, ತಾವು ರಿಪೇರಿ ಮಾಡಿದ ವಾದ್ಯ ಕೇಳಿ ಯಾರ್‍ಯಾರು ಮೂರ್ಛೆ ಹೋಗಿದ್ದರೆಂದು ಅರ್ಧ ಗಂಟೆ ಹೇಳಿದರು. ಆಮೇಲೆ ಅದನ್ನು ತಿರುಗಿಸಿ, ಬೆರಳಿನಿಂದ ತಟ್ಟಿ, ಮೂಸಿ, ಕಿಸಕ್ಕನೆ ನಕ್ಕುಬಿಟ್ಟರು. "ತಾಯಿ, ಇದು ದೊಡ್ಡ ಕೈಯೂ ಅಲ್ಲ, ಸಣ್ಣ ಕೈಯೂ ಅಲ್ಲ, ಬಡಗಿ ಕೈ. ಕತ್ತು ಕೂರಿಸಿರೋದು ನೋಡಿ, ಕುರ್ಚಿಗೆ ಕಾಲು ಕೂರಿಸಿದ ಹಾಗೆ. ಇನ್ನು ಈ ಆರು ತೂತು, ಮೂರು ಇಲ್ಲಿ, ಮೂರು ಅಲ್ಲಿ, ಕೀಲಿನ ಮೊಳೆ ಹೊಡೆದ ಜಾಗ. ಈ ಹಲಗೆ ಮೊದಲು ಬೀರುವಿನ ಬಾಗಿಲಾಗಿತ್ತು!" ರೀ, ನೀವು ಹುಡುಕಿ ತಂದ ಅನಾಮಧೇಯ ಮಹಾಶಿಲ್ಪಿಯ ಕೃತಿ ಒಂದು ಬೀರುವಿನ ಬಾಗಿಲು. ಇಷ್ಟು ದಿನ ನಾವು ಬೀರುವಿನ ಮೇಲೆ ಬೀರು ಇಟ್ಟಿದ್ದೆವು.

ಗೆದ್ದೆನೆಂದು ಸೆರಗು ಸಿಕ್ಕಿಸಿಕೊಂಡೆ. ತಾತ ಬಿಡಲಿಲ್ಲ. "ದನಿ ಕೇಳದೆ ಬೆಲೆ ಕಟ್ಟೋಕೆ ಇದೇನು ಕುಂಬಳಕಾಯಾ?" ಎಂದು ಎಂಟೂ ತಂತಿ ಹೊಸದಾಗಿ ಬಿಗಿದು, ಎಲ್ಲಿ ಒತ್ತಿದರೆ ಯಾವ ಸ್ವರ ಎಂದು ತೋರಿಸಿ, ಒಂದು ವಾರ ದಿನಾ ನುಡಿಸಿ ತಂತಿ ಹದಕ್ಕೆ ತನ್ನಿ ಎಂದರು. ಹೀಗಾಗಿ, ಬರೀ ಬೆಲೆ ಕಟ್ಟಿಸುವ ಕರ್ತವ್ಯದ ದೃಷ್ಟಿಯಿಂದ, ದಿನಾ ಸಂಜೆ ಏಳಕ್ಕೆ ನುಡಿಸತೊಡಗಿದೆ. ನೀವು ಮೆಟ್ಟಿಲು ಹತ್ತಿ ಬರುತ್ತಿದ್ದ ಹೊತ್ತು ಅದು. ಆ ಹೊತ್ತಿಗೆ ಮನೆಯಲ್ಲಿ ಏನಾದರೊಂದು ಸದ್ದು ಇದ್ದರೆ ವಾಸಿ. ಮೊದಲ ದಿನ ಬೀರುವೇ ಕಿರುಗುಟ್ಟಿದಂತಿತ್ತು. ನಾಲ್ಕನೇ ದಿನ ಏಳು ಸ್ವರಗಳೂ ಒಂದರ ಹಿಂದೊಂದು ಬಂದವು. ಆರನೆಯದು ಕುಂಟುತ್ತಿತ್ತು, ಆದರೂ ಬಂತು. ನಾನೇ ಚಪ್ಪಾಳೆ ತಟ್ಟಿಕೊಂಡೆ. ವಾರ ಕಳೆದ ಮೇಲೆ ತಾತ ದನಿ ಕೇಳಿ, ನೀವು ಕೊಟ್ಟದ್ದರ ಅರ್ಧಕ್ಕೆ ತಾವೇ ಇಟ್ಟುಕೊಳ್ಳುವುದಾಗಿ ಹೇಳಿದರು. ಅಲ್ಲೇ ಕೊಟ್ಟು ಬಂದಿದ್ದರೆ ನಿಮ್ಮ ಮಾರ್ಕೆಟ್ ಋಣ ಅಂದೇ ತೀರುತ್ತಿತ್ತು. ಯಾಕೋ, "ಯೋಚನೆ ಮಾಡಿ ಹೇಳ್ತೀನಿ" ಅಂದುಬಿಟ್ಟೆ.

ಮೊನ್ನೆ ಬಾಗಿಲು ತಟ್ಟಿತು. ಹಲ್ಲಿನ ಡಾಕ್ಟರು, ಕೈಯಲ್ಲಿ ಲಕೋಟೆ. ನೀವು ಕೊಟ್ಟದ್ದರ ಎರಡರಷ್ಟು ಕೊಡುತ್ತಾರಂತೆ! "ನಿಮಗೆ ನುಡಿಸೋಕೆ ಬರುತ್ತಾ ಡಾಕ್ಟ್ರೇ?" ಎಂದೆ. ಪಾಪ, ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಜ ಹೇಳಿದರು: "ನುಡಿಸೋಕಲ್ಲ ಮೇಡಂ, ನುಡಿಸದೇ ಇರೋಕೆ. ಏಳು ಗಂಟೆಗೆ ಕ್ಲಿನಿಕ್ ತುಂಬಿರುತ್ತೆ. ಮೇಲಿಂದ ಆ ಸದ್ದು ಬರ್ತಿದ್ದ ಹಾಗೆ, ಒಳಗೆ ಯಾರದೋ ಹಲ್ಲು ಕೀಳ್ತಿದ್ದಾರೆ ಅಂತ ಹೊರಗೆ ಕೂತೋರು ಎದ್ದು ಹೋಗ್ತಾರೆ." ಗಮನಿಸಿ, ಬೆಲೆ ಏರಿಸಿದ್ದು ಬಡಗಿಯೂ ಅಲ್ಲ, ನಿಮ್ಮ ಕಣ್ಣೂ ಅಲ್ಲ. ಶುದ್ಧ ನನ್ನ ವಾದನ.

ಈಗ ತೀರ್ಪು. ಲಕೋಟೆ ತೆಗೆದುಕೊಂಡರೆ ನೀವು ಗೆದ್ದಂತೆ. ತೆಗೆದುಕೊಳ್ಳಲಿಲ್ಲ. ಮಾರಿಲ್ಲ, ಕೈಗೆ ಬಂದಿಲ್ಲ, ಆದ್ದರಿಂದ ನಿಮ್ಮದೇ ಷರತ್ತಿನ ಪ್ರಕಾರ ಇದರ ಬೆಲೆ ಸೊನ್ನೆ. ಸೊನ್ನೆ ನೀವು ಕೊಟ್ಟದ್ದಕ್ಕಿಂತ ಕಡಿಮೆ. ನೀವು ಸೋತಿರಿ. ಮೇಲ್ಮನವಿಗೆ ಅವಕಾಶವಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮಫ್ಲರನ್ನು ಜೇಬಿನಿಂದ ಬಿಡುಗಡೆ ಮಾಡಿ. ಜೊತೆಯ ಕೆಲಸದವರಿಗೆಲ್ಲ ನನ್ನ ನಮಸ್ಕಾರ ಹೇಳಿ.

ಮಾರ್ಕೆಟ್ಟಿಗೆ ಬೀಗ ಜಡಿದ,
ನಿಮ್ಮ ಮನೆಯವಳು

ಮರೆತಿದ್ದೆ: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ತೀರಾ ತೆಳುವಾದ ತಂತಿಗಳೆರಡೂ ಪಟ್ಟೆಂದು ಹೋದವು. ತಂತಿ ತಾತನ ಬಳಿ ಓಡಿದರೆ, ಗೋಡೆಯ ಮೇಲೆ ಕಟ್ಟುಗಟ್ಟಲೆ ನೇತಾಡುತ್ತಿದ್ದರೂ "ಸ್ಟಾಕ್ ಇಲ್ಲ ತಾಯಿ" ಎಂದು ಮುಖ ತಿರುಗಿಸಿದರು. ತಾತನ ಹಲ್ಲಿನ ಸೆಟ್ಟು ಇನ್ನೂ ಡಾಕ್ಟರ ಕೈಯಲ್ಲೇ ಇದೆಯಲ್ಲ, ಪಾಪ ತಾತನಾದರೂ ಏನು ಮಾಡಿಯಾರು. ನಿಮ್ಮ ಕಡೆಯ ಪೇಟೆಯಲ್ಲಿ ವಾದ್ಯದಂಗಡಿ ಇದ್ದೇ ಇರುತ್ತದೆ. ಹೊಸ ಸಾಮಾನಿನ ಅಂಗಡಿಗೇ ಹೋಗಿ ಒಂದು ಪೂರ್ತಿ ಸೆಟ್ ತಂತಿ, ತೆಳುವಾದ್ದು ಎರಡು ಹೆಚ್ಚಿಗೆ, ಕೊಂಡು ರಟ್ಟಿನೊಳಗೆ ಸುತ್ತಿ ಬೇಗ ಕಳಿಸಿ. ಮಡಚಬೇಡಿ.