ಆರನೆಯ ಚಾಕು

ಫೆಬ್ರವರಿ 3, ಸೋಮವಾರ. ಸಂಜೆ 7

ಇವತ್ತು ಸಾಣೆ ಹಿಡಿದದ್ದು ಹನ್ನೊಂದು ಚಾಕು, ನಾಲ್ಕು ಕತ್ತರಿ, ಒಂದು ಈಳಿಗೆ ಮಣೆ. ಗ್ರೈಂಡರಿನ ಬೆಲ್ಟು ಮತ್ತೆ ಜಾರುತ್ತಿದೆ, ದರಿದ್ರದ್ದು. ನಾಳೆ ಹರಿಹರದ ಅಂಗಡಿಗಳ ಸುತ್ತು.

ಹಿಂದಿನ ಬೀದಿಯ ಕೊಟ್ಟೂರೇಶ ಬಂದಿದ್ದ. ಊರ ಪಕ್ಕದ ಕರೂರಿನ ಫ್ಯಾಕ್ಟರಿಯಲ್ಲಿ ಲೇತ್ ಕೆಲಸದವನು. ಕೈಯಲ್ಲಿ ಮೊನೆ ಮುರಿದ ದೊಡ್ಡ ಚಾಕು. ನೋಡಿದ ಕೂಡಲೇ ಗುರುತು ಹತ್ತಿತು — ಅಬ್ಬಾ ಮಾಡಿದ್ದು. ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕು, ಹಿಡಿಯ ಹತ್ತಿರ ‘ಕು’ ಅಂತ ಗುದ್ದಿದ ಅಕ್ಷರ. ಕುತುಬುದ್ದೀನ್ ಸಾಬರ ಕೈ. ಅಬ್ಬಾ ಹೋಗಿ ಮೂರು ವರ್ಷ. ಅವರು ಮಾಡಿದ್ದರಲ್ಲಿ ನನ್ನ ಹತ್ತಿರ ಉಳಿದದ್ದು ಒಂದೇ ಚಾಕು, ಅಂಗಡಿಯ ಮೊಳೆಗೆ ನೇತುಹಾಕಿದ್ದೇನೆ.

“ಎಣ್ಣಿ ಡಬ್ಬಿ ತೆಗಿಯಾಕ ಹೋಗಿ ಮುರೀತು, ಯಾಸ್ಮೀನಕ್ಕ.” ಬಲು ವಿನಯ.

ಸುಳ್ಳ. ಎಲ್ಲೋ ಜೋರಾಗಿ ನೆಟ್ಟು, ಪಕ್ಕಕ್ಕೆ ಎಳೆದು ಕಿತ್ತಿದ್ದಾನೆ. ಮುರಿದ ಜಾಗದಲ್ಲಿ ಮರದ ಎಳೆ, ನೀಲಿ ಬಣ್ಣ. ಅವನ ಮನೆಯ ಬಾಗಿಲು ನೀಲಿ.

ಕೇಳಲಿಲ್ಲ. ನನಗ್ಯಾಕೆ ಊರ ಉಸಾಬರಿ. ಬೆನ್ನಿನ ಕಡೆಯಿಂದ ತೇಯ್ದು ಹೊಸ ಮೊನೆ ತಂದೆ. ಕ್ಷಣಕ್ಕೊಮ್ಮೆ ನೀರಿಗೆ ಅದ್ದಿ — ಕಾದರೆ ಉಕ್ಕಿನ ಗಟ್ಟಿತನ ಹೋಗುತ್ತದೆ. ಉಗುರಿನ ಮೇಲಿಟ್ಟರೆ ಜಾರದೆ ಕಚ್ಚಿ ನಿಂತಿತು. ಅಬ್ಬಾ ಇದ್ದಿದ್ದರೆ ಬೈಯುತ್ತಿರಲಿಲ್ಲ. ಅವರ ಹೊಗಳಿಕೆ ಅಂದರೆ ಅಷ್ಟೇ.

ಫೆ. 6, ಗುರುವಾರ. ಮಧ್ಯಾಹ್ನ

ಕೊಟ್ಟೂರೇಶನ ಹೆಂಡತಿ ನಯನಾ ಬಂದಳು. ಖಾನಾವಳಿಗೆ ರೊಟ್ಟಿ ತಟ್ಟುವವಳು, ದಿನಕ್ಕೆ ಇನ್ನೂರು. ಗೋಣಿಚೀಲದಲ್ಲಿ ಮನೆಯ ಅಲಗೆಲ್ಲಾ ತುಂಬಿಕೊಂಡು ಬಂದಿದ್ದಳು. ಎರಡು ಸಣ್ಣ ಚಾಕು, ಈಳಿಗೆ ಮಣೆ, ಕುಡುಗೋಲು, ತೆಂಗಿನಕಾಯಿ ಮಚ್ಚು. ಆರನೆಯದು ಅಬ್ಬಾರ ಚಾಕು.

“ಇವಿಷ್ಟೂ ಮೊಂಡು ಮಾಡಿಕೊಡ್ರಿ ಅಕ್ಕ.”

“ಏನಂದಿ?”

“ಮೊಂಡು. ಬೆಣ್ಣಿನೂ ಕೊಯ್ಯಬಾರದು.”

ಸಿಟ್ಟು ನೆತ್ತಿಗೇರಿತು. “ಇದು ಸಾಣಿ ಅಂಗಡಿ ತಾಯಿ. ಮೊಂಡು ಬೇಕಂದ್ರ ಕಲ್ಲಿಗೆ ಕುಟ್ಟು, ಹೋಗು.”

“ಕುಟ್ಟಿದ್ರ ಅಲಗಿಗೆ ಹಲ್ಲು ಬೀಳ್ತಾವ, ಅವನಿಗೆ ಗೊತ್ತಾಗ್ತೈತೆ. ಲೇತಿನ ಮೇಲೆ ಕೆಲಸ ಮಾಡೋನು. ನೋಡಾಕ ಹೊಸದ್ರಂಗ ಇರ್ಬೇಕು, ಕೊಯ್ಯಬಾರದು. ಅಂಥಾದ್ದು ನಿಮಗಷ್ಟೇ ಬರ್ತೈತೆ.”

ಸೆರಗು ಸರಿಸಿದಳು. ಕುತ್ತಿಗೆಗೆ ಉದ್ದ ಗೆರೆ, ಮೇಲೆ ಒಣಗಿದ ರಕ್ತ. ಸಾರು ತಣ್ಣಗಿತ್ತಂತೆ. ಕೂದಲು ಸುತ್ತಿ ಹಿಡಿದು ತಲೆಯನ್ನು ಗೋಡೆಗೆ ಮೂರು ಸಲ ಬಡಿದನಂತೆ, ಆಮೇಲೆ ಚಾಕು ಎಸೆದನಂತೆ. “ಆ ಸಲ ಬಾಗಿಲಿಗೆ ನೆಟ್ಟಿತು. ಮುಂದಿನ ಸಲ?”

“ತವರಿಗೆ ಹೋಗಬಾರದಾ?”

“ಭಾನುವಳ್ಳಿಗೆ ಹೋಗಿದ್ದೆನಲ್ಲ. ಅಣ್ಣಾರು ಹೊಳ್ಳಿ ಬಸ್ ಹತ್ತಿಸಿದ್ರು. ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಅಂತ.”

“ಮೊಂಡು ಚಾಕೂಲೆ ಟೊಮೆಟೊ ಹೆಂಗೆ ಹೆಚ್ತಿ?”

“ಹಿಸುಕಿ ಹಾಕ್ತೀನಿ ಬಿಡ್ರಿ. ಆ ಮೂಳಂಗೇನು ರುಚಿ ಗೊತ್ತಾಗ್ತೈತೆ.” ನಕ್ಕಳು. ತುಟಿಯ ಗಾಯ ಬಿರಿದು ರಕ್ತ ಬಂತು. ನಾಳೆ ಬಾ ಎಂದೆ.

ಫೆ. 7, ಶುಕ್ರವಾರ

ಅಬ್ಬಾರ ನೇಮ ಒಂದೇ: ಈ ಅಂಗಡಿಯಿಂದ ಮೊಂಡು ಹೊರಗೆ ಹೋಗಬಾರದು. ಕಾಸು ಕೊಡದವನದ್ದೂ ಚೂಪಾಗಿಯೇ ಹೋಗಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಮೀರಿಲ್ಲ.

ಇವತ್ತು ಮೀರಿದೆ. ಅಲಗಿನ ಬಾಯಿಯನ್ನು ಚಕ್ರಕ್ಕೆ ನೆಟ್ಟಗೆ ಒಡ್ಡಿ ತೇಯ್ದು, ಮೇಲೆ ಪಾಲಿಶ್. ಐದು ಮುಗಿಸಿದೆ.

ಆರನೆಯದು... ಅಬ್ಬಾರ ಅಕ್ಷರ. ಮೊನ್ನೆ ನಾನೇ ತಂದ ಮೊನೆ. ಮೂರು ಸಲ ಚಕ್ರದ ಹತ್ತಿರ ಒಯ್ದೆ. ಆಗಲಿಲ್ಲ. ಬರೀ ಪಾಲಿಶ್ ಹೊಡೆದು ಪೇಪರಿನಲ್ಲಿ ಸುತ್ತಿದೆ.

ಸಂಜೆ ನಯನಾ ಬಂದಳು. ಮೇಲಿದ್ದ ಸಣ್ಣ ಚಾಕುವಿನ ಮೇಲೆ ಬೆರಳು ಎಳೆದು ನೋಡಿದಳು.

“ಎಲ್ಲಾ ಮೊಂಡಾ ಅಕ್ಕ?”

“ಎಲ್ಲಾ.”

ನಾಲಿಗೆ ತಡವರಿಸಲೂ ಇಲ್ಲ.

ಫೆ. 11, ಮಂಗಳವಾರ

ಹರಿಹರದಲ್ಲಿ ಕಟಿಂಗ್ ಶಾಪಿನ ಹಾಲಸ್ವಾಮಿಯ ಕತ್ತರಿ ಸಾಣೆ ಹಿಡಿಯುತ್ತಿದ್ದೆ. ಅಮ್ಮಿಯ ಫೋನು. “ಯಾಸ್ಮೀನ್, ಹಿಂದಿನ ಬೀದಿ ಹುಡುಗೀನ ಆಸ್ಪತ್ರಿಗೆ ಒಯ್ದ್ರು. ಕೈ ಹೋತು ಅಂತಾರ. ಅವನು ಓಡಿಹೋಗ್ಯಾನ.”

ಯಾವ ಚಾಕು ಎಂದು ಕೇಳಲಿಲ್ಲ. ಗೊತ್ತಿತ್ತು.

ಫೆ. 12, ಬುಧವಾರ

ಆಸ್ಪತ್ರೆಯಲ್ಲಿ ನಯನಾಳನ್ನು ನೋಡಿದೆ. ಬಲಗೈ. ನಾಲ್ಕು ಬೆರಳಿನ ನರ ಕಡಿದಿದೆ. ಹೆಬ್ಬೆರಳಿನ ಬುಡ ಎಲುಬಿನವರೆಗೆ. ಡಾಕ್ಟರು ಹೊಲಿದಿದ್ದಾರೆ. ಬೆರಳು ಮಡಚುವುದು ಅನುಮಾನವಂತೆ.

“ಮೊಂಡೈತಲ್ಲಾ ಅಂತ ನಾನು ಓಡ್ಲೇ ಇಲ್ಲ ಅಕ್ಕ,” ಅಂದಳು. “ಇಷ್ಟು ವರ್ಷಕ್ಕ ಮೊದಲನೇ ಸಲ ಎದುರಿಗೆ ನಿಂತೆ. ಹಾಕು ನೋಡೋಣ ಅಂದೆ. ಎತ್ತಿದ. ಅಲಗಿಗೇ ಕೈ ಹಾಕಿ ಹಿಡಕೊಂಡೆ. ಅವನು ಎಳದ.”

ಆಮೇಲೆ ಅಂದಳು, “ಮೊಂಡಂತ ಗೊತ್ತಾಗಿ ಫ್ಯಾಕ್ಟರ್‍ಯಾಗ ಮಸದಿರ್ಬೇಕು ಹಾಳಾದೋನು.”

ಹೂಂ ಅಂದೆ. ಹೂಂ ಅಂದೆ! ನನ್ನ ಬಾಯಿಗೆ ಮಣ್ಣು ಹಾಕ.

ಆರನೆಯದನ್ನು ಅಂಗಡಿಯಲ್ಲೇ ಇಟ್ಟುಕೊಂಡು ‘ಇನ್ನೂ ಆಗಿಲ್ಲ’ ಎನ್ನಬಹುದಿತ್ತು. ಹೊಳೆಯಲೇ ಇಲ್ಲ.

ಫೆ. 18, ಮಂಗಳವಾರ. ರಾತ್ರಿ

ಆರು ದಿನ ಅಂಗಡಿ ತೆಗೆದಿಲ್ಲ. ಇವತ್ತು ಹಾಲಸ್ವಾಮಿಯ ಕತ್ತರಿ ವಾಪಸು ಕೊಡಲು ಹರಿಹರಕ್ಕೆ ಹೋದೆ. ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಅವನು. ಕೊಟ್ಟೂರೇಶ. ಬನ್ನು ಅದ್ದಿ ತಿನ್ನುತ್ತಿದ್ದ.

ಚೀಲದಲ್ಲಿ ಮಸೆಯುವ ಕಬ್ಬಿಣದ ಕಡ್ಡಿ ಇತ್ತು. ಮೊದಲ ಏಟು ಭುಜಕ್ಕೆ. ಲಟ್ ಅಂತ ಶಬ್ದ. ಎರಡನೆಯದು ಬಾಯಿಗೆ. ಹಲ್ಲು, ಬನ್ನು, ರಕ್ತ ಎಲ್ಲಾ ಒಟ್ಟಿಗೆ ಉಗುಳಿದ. ಬಿದ್ದ ಮೇಲೂ ಹೊಡೆದೆ. ಮೊಣಕಾಲು, ಪಕ್ಕೆ, ಮತ್ತೆ ಬಾಯಿ. ಹಿತವಾಗುತ್ತಿತ್ತು. ಬರೆಯಲು ನಾಚಿಕೆಯಿಲ್ಲ, ಹಿತವಾಗುತ್ತಿತ್ತು.

“ಹೆದರಿಸಾಕ ಎತ್ತಿದ್ನೆಕ್ಕ... ಆಕೀನೇ ಹಿಡಕೊಂಡ್ಲು... ನಾ ಮಸೆದಿಲ್ಲ, ದೇವ್ರಾಣೆ, ಮೊದ್ಲಿಂದ ಚೂಪಿತ್ತು...”

ಹುಟ್ಟಿದಾಗಿನಿಂದ ಅವನು ಆಡಿದ ಒಂದೇ ನಿಜ ಇದಿರಬೇಕು. ಅದನ್ನು ಕೇಳಿ ಇನ್ನೂ ಜೋರಾಗಿ ಹೊಡೆದೆ. ನಾಲ್ಕು ಜನ ಸೇರಿ ಎಳೆದರು. ಅವನನ್ನು ಪೊಲೀಸರಿಗೆ ಒಪ್ಪಿಸಿದರು. ನನ್ನ ಮೇಲೂ ಕೇಸು ಆಗುತ್ತದಂತೆ. ಆಗಲಿ.

ಅಮ್ಮಿ ನನ್ನ ರವಿಕೆಯ ರಕ್ತ ನೋಡಿ ಒಂದೇ ಮಾತು ಅಂದಳು. “ಸಿಟ್ಟಿನಾಗ ಕೊಯ್ದ ಮೂಗು ಶಾಂತ ಆದಮೇಲೆ ಬರ್ತೈತಾ?” ಅವನ ಮೂಗಿನ ಮಾತಲ್ಲ ಅದು. ಅಮ್ಮಿಗೆ ಗೊತ್ತಿದೆ. ಅವತ್ತು ಆರು ಅಲಗಿಗೆ ಐದು ಸಲ ಮಾತ್ರ ಗ್ರೈಂಡರಿನ ಸದ್ದು ಬದಲಾದದ್ದು ಅವಳೂ ಕೇಳಿದ್ದಾಳೆ.

ಫೆ. 23, ಭಾನುವಾರ

ಆಸ್ಪತ್ರೆಗೆ ಹೋಗಿ ನಿಜ ಹೇಳಿದೆ.

ನಯನಾ ಬ್ಯಾಂಡೇಜಿನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎಡಗೈಯಿಂದ ನನ್ನ ಕೆನ್ನೆಗೆ ಹೊಡೆದಳು. ರೊಟ್ಟಿ ತಟ್ಟುವವಳ ಏಟು, ಕಿವಿ ಗುಂಯ್ ಅಂತು. ಇನ್ನೊಂದು ಹೊಡಿ ಎಂದೆ. ಹೊಡೆಯಲಿಲ್ಲ.

“ನನ್ನ ಕುತ್ತಿಗಿ ನೋಡಿದ್ರಿ. ಆದ್ರೂ ಚಾಕುವಿಗೆ ಮರುಗಿದ್ರಿ.”

ಅವಳೇ ಮುಂದುವರಿಸಿದಳು.

“ಅಂಗಡ್ಯಾಗ ಇನ್ನೊಂದು ಐತಲ್ಲ, ನಿಮ್ಮಪ್ಪಾರದು. ನಾ ಹೊರಗ ಬಂದಮೇಲೆ ನನ್ನ ಕಣ್ಣ ಮುಂದ ಅದನ್ನ ಮೊಂಡು ಮಾಡ್ಬೇಕು.”

ಆಯಿತು ಎಂದೆ.

ಮಾರ್ಚ್ 1, ಶನಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಬೆಳಿಗ್ಗೆ ನಯನಾ ಬಂದಳು. ಸ್ಟೂಲಿನ ಮೇಲೆ ಕೂತಳು. ಮೊಳೆಯಿಂದ ಅಬ್ಬಾರ ಚಾಕು ಇಳಿಸಿದೆ. ಗ್ರೈಂಡರ್ ಹಾಕಿ ಬಾಯಿಯನ್ನು ನೆಟ್ಟಗೆ ಒಡ್ಡಿದೆ. ಕಿಡಿ ಮುಖಕ್ಕೆ ಹಾರಿತು. ಅತ್ತುಬಿಟ್ಟೆ. ಅರ್ಧ ಅಲಗು ಆಗಿತ್ತು. ಕಣ್ಣು ಕಾಣಿಸದೆ ಗ್ರೈಂಡರ್ ಆರಿಸಿದೆ.

“ಸಾಕಾ?” ಎಂದೆ.

“ನೋಡ್ತೀನಿ.” ಎಡಗೈ ಚಾಚಿದಳು. ಉಳಿದಿರುವ ಒಂದೇ ಕೈ. ಬೆರಳು ತೇಯದ ಅರ್ಧದ ಕಡೆಗೇ ಹೋಗುತ್ತಿತ್ತು. ನನ್ನನ್ನು ನಂಬುವ ಮಾತು ಮುಗಿದಿದೆ, ತಾನೇ ಮುಟ್ಟಿ ನೋಡಬೇಕು. ಅವಳ ಬೆರಳು ತಾಕುವ ಮುಂಚೆ ನನ್ನ ಬಲಗೈಯನ್ನು ಅಲಗಿಗೆ ಒತ್ತಿ ಮುಚ್ಚಿದೆ.

ಅಬ್ಬಾರ ಕೈಕೆಲಸ. ಮೊದಲು ನೋವೇ ಆಗಲಿಲ್ಲ. ಆಮೇಲೆ ನೆಲವೆಲ್ಲಾ ರಕ್ತ.

ನಯನಾ ವೇಲು ತೆಗೆದು ಸುತ್ತಿದಳು, ಒಂದೇ ಕೈಯಲ್ಲಿ, ಗಂಟನ್ನು ಹಲ್ಲಿನಿಂದ ಎಳೆದು. ಆಸ್ಪತ್ರೆಗೆ ಎಬ್ಬಿಸುತ್ತಾಳೆ ಅಂದುಕೊಂಡೆ.

“ಇನ್ನರ್ಧ ಉಳಿದೈತೆ,” ಅಂದಳು.

ಸ್ವಿಚ್ಚು ಹಾಕಿದ್ದು ಅವಳೇ. ನಾನು ಎಡಗೈಯಲ್ಲಿ ಚಾಕು ಎತ್ತಿಕೊಂಡು ಚಕ್ರದ ಹತ್ತಿರ ಒಯ್ದು ಉಳಿದರ್ಧವನ್ನೂ ಮೊಂಡು ಮಾಡಿದೆ.