ಮೂರನೆಯ ಸುತ್ತಿಗೆ ಮುನ್ನ

ಕನ್ಹಾನ್,
೯ ಫೆಬ್ರವರಿ ೨೦೨೫

ಖಾಪರಖೇಡಾದ ಮನೆಯಲ್ಲಿ ಈ ಪತ್ರಕ್ಕೆ ಕಿವಿಗೊಟ್ಟು ಕುಳಿತಿರುವ ಎಲ್ಲರಿಗೂ ನಮಸ್ಕಾರ.

ಸ್ವಪ್ನಾಳಿಗೆ ಕನ್ನಡ ಓದುವುದು ಕಷ್ಟ. ಆದ್ದರಿಂದ ಯಲ್ಲಮ್ಮನವರೇ, ಮಗಳಿಗೆ ನೀವೇ ಓದಿ ಹೇಳಬೇಕೆಂದು ಕೋರುತ್ತೇನೆ. ಅಜ್ಜಿಯವರಿಗೆ ವಿಶೇಷ ವಂದನೆ. "ಮುಖ ಒಡಕೊಂಡ ಹುಡುಗಿಯನ್ನ ಯಾರು ಲಗ್ನ ಆಗ್ತಾರ" ಎಂದು ಬಂಧುಗಳು ಕೊಂಕು ನುಡಿದಾಗ, "ಆಕಿ ಹೊಡಿತಾಳ, ಹೊಡಿಸ್ಕೊಳ್ಳೂದಿಲ್ಲ. ನೀವು ಚಹಾ ಕುಡೀರಿ" ಎಂದು ಅವರ ಬಾಯಿ ಮುಚ್ಚಿಸಿದವರು ಅವರು. ವಿದ್ಯುತ್ ಸ್ಥಾವರದ ಡ್ಯೂಟಿ ಮುಗಿಸಿ, ಬೂದಿ ಮೆತ್ತಿದ ಬಟ್ಟೆಯಲ್ಲೇ ನನ್ನ ಬಾಕ್ಸಿಂಗ್ ಶೆಡ್ಡಿಗೆ ಬಂದು ಮಗಳನ್ನು ಬೈಕಿನಲ್ಲಿ ಕರೆದೊಯ್ಯುತ್ತಿದ್ದ ಗುಂಡಪ್ಪನವರು ತೀರಿಕೊಂಡ ಮೇಲೂ ನೀವು ಆಕೆಯ ಆಟ ನಿಲ್ಲಿಸಲಿಲ್ಲ. ಆ ಋಣ ದೊಡ್ಡದು.

ಪ್ರೀತಿಯ ಸ್ವಪ್ನಾ,

ನೀನು ನನ್ನೊಡನೆ ಮಾತು ಬಿಟ್ಟು ಎರಡು ತಿಂಗಳಾಯಿತು. ರಾಷ್ಟ್ರೀಯ ಫೈನಲ್‌ನ ಮೊದಲೆರಡು ಸುತ್ತು ನಿನ್ನವೇ ಆಗಿದ್ದವು. ಮೂರನೆಯದರ ಗಂಟೆ ಬಾರಿಸುವ ಮೊದಲೇ ನಾನು ರಿಂಗಿನೊಳಕ್ಕೆ ಟವಲ್ ಎಸೆದು ಪಂದ್ಯ ಬಿಟ್ಟುಕೊಟ್ಟೆ. "ಸರ್, ನೀವು ಹೆದರಿದ್ರಿ. ನನ್ನ ಚಿನ್ನ ಕಸಗೊಂಡ್ರಿ" ಎಂದು ರೈಲಿನಲ್ಲಿ ಹೇಳಿದವಳು ನಾಗಪುರ ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಹೆದರಿದ್ದು ನಿಜ. ಪಂದ್ಯದ ರಾತ್ರಿಯೇ ತೆಗೆಸಿದ ಸ್ಕ್ಯಾನಿನಲ್ಲಿ ಮಿದುಳಿನ ಅಂಚಿಗೆ ರಕ್ತ ಕಂಡಿತು. ಇನ್ನು ಪಂದ್ಯ ಬೇಡವೆಂದರು ವೈದ್ಯರು. ಅವರಿಗೆ ಬಾಕ್ಸಿಂಗ್ ಏನು ಗೊತ್ತು ಎಂದು ನೀನು ನಕ್ಕೆ. ಈಗ ಬೇರೆ ತರಬೇತುದಾರರನ್ನು ಹಿಡಿದು, ಸ್ಕ್ಯಾನಿನ ವಿಷಯ ಮುಚ್ಚಿಟ್ಟು, ಮುಂದಿನ ತಿಂಗಳು ಮತ್ತೆ ರಿಂಗಿಗೆ ಇಳಿಯುವೆಯಂತೆ. ಅದನ್ನು ಕೇಳಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನಿನ್ನ ಎಡಗೈಯಂಥ ಎಡಗೈಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದು ನಿನ್ನೊಂದಿಗೇ ಮುಗಿಯಬಾರದು. ಶೆಡ್ಡಿನ ಸಣ್ಣ ಹುಡುಗಿಯರಿಗೆ ನಾನು ಅದನ್ನು ಕಲಿಸಹೊರಟರೆ ನನ್ನ ಮೊಣಕಾಲು ಬಗ್ಗುವುದಿಲ್ಲ. "ಸ್ವಪ್ನಾ ದೀದಿ ಐಸಾ ನಹೀಂ ಕರತೀ, ಸರ್" ಎಂದು, ಅಕ್ಕ ಮಾಡುವುದು ಹೀಗಲ್ಲವೆಂದು, ಅವರೇ ನನ್ನನ್ನು ತಿದ್ದುತ್ತಾರೆ. ಅವರಿಗೆ ಕಲಿಸುವುದು ಚಿನ್ನಕ್ಕೆ ಸಮವಲ್ಲ, ಬಲ್ಲೆ. ಸಮವೆಂದು ಹೇಳಿ ನಿನ್ನನ್ನು ಒಲಿಸಲಾರೆ.

ನಿನ್ನ ಬದುಕು ನೀಳವಾಗಲೆಂದು ಹಾರೈಸುವ,
ಮಧುಸೂದನ

ಮರೆತ ಮಾತು: ಮರೆತದ್ದಲ್ಲ, ಮರೆಸಿಟ್ಟದ್ದು. ಯಲ್ಲಮ್ಮನವರೇ, ಮುಂದೆ ಓದುವ ಮೊದಲು ಮಗಳ ಕೈ ಹಿಡಿದುಕೊಳ್ಳಿ.

ಸ್ವಪ್ನಾ, ಎರಡನೆಯ ಸುತ್ತು ಮುಗಿದು ನೀನು ಸ್ಟೂಲಿನ ಮೇಲೆ ಕುಳಿತಾಗ ನಾನು ನಿನ್ನ ಬಾಯಿಗೆ ನೀರು ಹಿಡಿದೆ. ನೀನು ನನ್ನ ಮುಖವನ್ನೇ ನೋಡಿ, "ಅಪ್ಪಾ, ಡ್ಯೂಟಿ ಮುಗೀತೇನು? ಮನೀಗೆ ಹೋಗೂಣು ಬಾ" ಎಂದೆ. ಆ ಮೇಲೆ ನಾನು ಮಾಡಬಹುದಾದದ್ದು ಒಂದೇ ಇತ್ತು: ನಿನ್ನನ್ನು ಮನೆಗೆ ಕರೆತರುವುದು. ಆ ಮಾತು ನಿನಗೆ ನೆನಪೇ ಇಲ್ಲವೆಂದು ತಿಳಿದಾಗ, ನೀನು ತಂದೆಯನ್ನು ಎರಡನೆಯ ಸಲ ಕಳೆದುಕೊಳ್ಳುವುದು ಬೇಡವೆಂದು ಸುಮ್ಮನಿದ್ದೆ.

ಸೋಮವಾರ ಬೆಳಿಗ್ಗೆ ಶೆಡ್ಡು ತೆರೆದಿರುತ್ತದೆ. ಗ್ಲೌಸು ಮನೆಯಲ್ಲೇ ಇರಲಿ. ಬಾ, ಮಕ್ಕಳ ಗುದ್ದುಗಳಿಗೆ ಪ್ಯಾಡು ಹಿಡಿ. ಎಡಗೈಯಿಂದಲೇ ಪಾಠ ಶುರು ಮಾಡೋಣ.