ನೀಲಕ್ಕನ ಮನೆಗೆ ಬರುವವರು ನಮ್ಮ ಮನೆಗೆ ಯಾಕೆ ಬರುವುದಿಲ್ಲ?

ಮಾನ್ಯ ಆರೋಗ್ಯಾಧಿಕಾರಿಗಳೇ,

ಇಂದು ಸೋಮವಾರ, ನನ್ನ ಉಪವಾಸ. ಸಗಣಿ ಬಳಿದು, ಅಂಗಳ ಸಾರಿಸಿ, ಬೀರಪ್ಪನಿಗೆ ದೀಪ ಹಚ್ಚಿ ಬರೆಯಲು ಕುಳಿತಿದ್ದೇನೆ. ಉಪವಾಸದ ದಿನ ಸುಳ್ಳು ಹೇಳಬಾರದು. ನನಗೆ ಬಾಜು ಮನೆಯ ನೀಲಕ್ಕನ ಮೇಲೆ ಹೊಟ್ಟೆಕಿಚ್ಚು. ಆಕೆಗೆ ಸಕ್ಕರೆ ಕಾಯಿಲೆ, ನನ್ನ ಮಗಳು ಸೀಮಾಳಿಗೂ ಅದೇ ಕಾಯಿಲೆ. ಆಕೆಗೆ ಅರವತ್ತೆಂಟು, ಸೀಮಾಳಿಗೆ ಹತ್ತೊಂಬತ್ತು. ನಿಮ್ಮವರು ಆಕೆಯ ಮನೆಗೆ ಬರುತ್ತಾರೆ, ನಮ್ಮ ಮನೆ ದಾಟಿ ಹೋಗುತ್ತಾರೆ.

ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ನೀಲಕ್ಕನ ಕಟ್ಟೆಯ ಮೇಲೆ ಕುಳಿತು ಬೆರಳು ಚುಚ್ಚಿ ನೋಡುತ್ತಾಳೆ, ಗುಳಿಗೆ ಕೊಡುತ್ತಾಳೆ. "ಉಂಡಿರೇನ್ರಿ ಅಮ್ಮಾ? ಕಾಲು ಜುಮು ಜುಮು ಅಂತಾವೇನ್ರಿ?" ಎಂದು ಕೇಳುತ್ತಾಳೆ. ನಾನು ಇತ್ತ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತೇನೆ. ನನ್ನ ಹಂಚಿಗಿಂತ ನನ್ನ ಹೊಟ್ಟೆಯೇ ಹೆಚ್ಚು ಕಾದಿರುತ್ತದೆ. ಒಮ್ಮೆ ತಡೆಯಲಾರದೆ, ಹೊರಟವಳನ್ನು ನಮ್ಮ ಬಾಗಿಲಲ್ಲಿ ನಿಲ್ಲಿಸಿ ಮೆಲ್ಲಗೆ, "ನಮ್ಮ ಸೀಮಾನ್ನೂ ಒಂದೀಟು ನೋಡ್ರಿ" ಎಂದೆ. "ಮೂವತ್ತು ದಾಟಿದವರ ಪಟ್ಟಿ ಅಷ್ಟ ಕೊಟ್ಟಾರ್ರಿ ನನಗ. ನಾ ಏನು ಮಾಡ್ಲಿರಿ?" ಎಂದಳು. ಆಕೆಯದು ತಪ್ಪಿಲ್ಲ. ಪಟ್ಟಿ ನಿಮ್ಮದು. ಕಾಯಿಲೆ ಜನ್ಮದಾಖಲೆ ನೋಡಿಕೊಂಡು ಬರುತ್ತದೆಯೇ? ಇನ್ನು ಹನ್ನೊಂದು ವರ್ಷ ಸುಮ್ಮನಿರು ಎಂದು ಅದಕ್ಕೆ ನಾನು ಹೇಗೆ ಹೇಳಲಿ?

ಪೇಟೆಯ ಡಾಕ್ಟರು ಒಂದು ಅಚ್ಚಾದ ಕಾಗದ ಕೊಟ್ಟರು. ಮುಂಜಾನೆ ಉದ್ಯಾನವನದಲ್ಲಿ ನಡೆಯಬೇಕಂತೆ. ನಮ್ಮೂರ ಉದ್ಯಾನವನ ಎಲ್ಲಿದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಸೀಮಾ ಎರಡು ದಿನ ಹೊಲದ ದಾರಿಯಲ್ಲಿ ನಡೆದಳು. ಮೂರನೆಯ ದಿನ ಊರ ಕಟ್ಟೆಯ ಮೇಲಿನವರೊಬ್ಬರು, "ಯಾರನ್ನ ನೋಡಾಕ ಹೊಂಟೀ ಬೇ, ದಿನಾ ಇಷ್ಟ ಲಗೂ?" ಎಂದರು. ಅಂದಿಗೆ ನಡಿಗೆ ಮುಗಿಯಿತು. ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದೂ ಆ ಕಾಗದದಲ್ಲಿದೆ. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಎಲ್ಲರೂ ಊಟಕ್ಕೆ ಎದ್ದಾಗಲೇ ಏಳಬೇಕು. ಕಾಯಿಲೆಯ ಮಾತು ಹೇಳಿದರೆ ನಾಳೆ ಅವಳನ್ನು ನೋಡಲು ಬರುವ ಬೀಗರಿಗೆ ಅದು ನಾವು ಹೇಳುವ ಮೊದಲೇ ಮುಟ್ಟುತ್ತದೆ. ಹೀಗಾಗಿ ಮುಚ್ಚಿಟ್ಟೆವು. ದೊಡ್ಡಾಸ್ಪತ್ರೆಯ ಸಾಲಿನಲ್ಲೂ ನಮ್ಮೂರವರೇ ನಿಂತಿರುತ್ತಾರೆಂದು ಹೋಗುವುದನ್ನು ಬಿಟ್ಟೆವು. ಗುಳಿಗೆ ತೀರಿದವು.

ಈಗ ನನ್ನ ತಪ್ಪು ಹೇಳುತ್ತೇನೆ. ಶ್ರಾವಣದಲ್ಲಿ ನೀಲಕ್ಕನ ಹತ್ತಿರ ಹೋಗಿ, ನನ್ನ ಸಲುವಾಗಿ ಎಂದು ಸುಳ್ಳು ಹೇಳಿ ಒಂದು ಪಟ್ಟಿ ಗುಳಿಗೆ ಇಸಿದುಕೊಂಡೆ. ಅವನ್ನೇ ಸೀಮಾಳಿಗೆ ಕೊಡತೊಡಗಿದೆ. ಸೋಮವಾರ ನನ್ನ ಜೊತೆ ಅವಳಿಗೂ ಉಪವಾಸ ಹಿಡಿಸಿದ್ದೆ. ಹಾಗೊಂದು ಸೋಮವಾರ ಗುಳಿಗೆ ನುಂಗಿ, ಖಾಲಿ ಹೊಟ್ಟೆಯಲ್ಲೇ ಕೆಲಸಕ್ಕೆ ಹೊರಟವಳು ನೀಲಕ್ಕನ ಬಾಗಿಲ ಮುಂದೆ ಬೆವತು, ಮಾತು ತೊದಲಿ, ಕುಸಿದಳು. ನಾನು ಅವಳ ಹಣೆಗೆ ಹಚ್ಚಲು ಬೀರಪ್ಪನ ಭಂಡಾರದ ಅರಿಸಿನ ತರಲು ಒಳಗೆ ಓಡಿದೆ. ನೀಲಕ್ಕ ಸಕ್ಕರೆ ನೀರು ತಂದು, ಅವಳನ್ನು ಎಬ್ಬಿಸಿ ಕೂಡಿಸಿ ಗುಟುಕು ಗುಟುಕಾಗಿ ಕುಡಿಸಿದಳು. ಸೀಮಾ ಕಣ್ಣು ಬಿಟ್ಟ ಮೇಲೆ ನೀಲಕ್ಕ ನನ್ನ ಕಡೆ ತಿರುಗಿ, "ನನ್ನ ಗುಳಿಗಿ ಒಯ್ದಿ, ಖರೆ. ಉಂಡ ಮ್ಯಾಲೆ ನುಂಗಬೇಕಂತ ಆ ಹುಡುಗಿ ತಿಂಗಳಾ ನನಗ ಹೇಳ್ತಾಳಲ್ಲ, ಅದನ್ನ ಯಾಕ ಒಯ್ಲಿಲ್ಲ ಲಕ್ಷ್ಮವ್ವಾ?" ಎಂದಳು.

ಅಧಿಕಾರಿಗಳೇ, ಅಂದಿನಿಂದ ನನ್ನ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಗಿದೆ. ಗುಳಿಗೆ ಎಲ್ಲಿಂದಾದರೂ ತರಬಹುದು. ಉಂಡೆಯಾ, ನಡೆದೆಯಾ, ಯಾಕೆ ನಡೆಯಲಿಲ್ಲ ಎಂದು ಕುಳಿತು ಕೇಳುವವರನ್ನು ಎಲ್ಲಿಂದ ತರಲಿ? ನನ್ನ ಮಗಳ ಹೆಸರು ಬರೆದುಕೊಳ್ಳಿ. ಅವಳಂಥ ಹುಡುಗ ಹುಡುಗಿಯರನ್ನು ಹುಡುಕಿ ಅವರವರ ಮನೆಗೆ ಬನ್ನಿ. ಕೆಲಸ ಕೊಡುವವರಿಗೆ ನಾಲ್ಕು ಮಾತು ಹೇಳಿ, ಊಟಕ್ಕೆ ಬಿಡಿಸಿ. ಮುಂಜಾನೆ ಶಾಲೆಯ ಬಯಲನ್ನು ಹೆಣ್ಣುಮಕ್ಕಳ ನಡಿಗೆಗೆ ತೆರೆಸಿಕೊಡಿ.

ಹೆಸರು ಹಾಕಲು ನಾನು ಅಂಜಿದ್ದೆ. ಸೀಮಾಳೇ, "ಹಾಕ ಯವ್ವಾ. ಒಲ್ಲೆ ಅನ್ನೋ ಬೀಗರು ಈಗ ಅಂದುಬಿಟ್ರ ಚಲೋ ಆತು" ಎಂದಳು. ನಿಮ್ಮ ಉತ್ತರ ಒಯ್ಯಲು ಮುಂದಿನ ಮಂಗಳವಾರ ಅವಳೇ ನಿಮ್ಮ ಕಚೇರಿಗೆ ಬರುತ್ತಾಳೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಕೊಟ್ಟು ಕಳಿಸಿ. ಅವಳು ಉಣ್ಣುವ ಹೊತ್ತು ಅದು.

ಇಂತಿ,
ನೆರೆಯವಳ ಕಾಯಿಲೆಗೂ ಹೊಟ್ಟೆಕಿಚ್ಚು ಪಡುವಂತಾದ
ಲಕ್ಷ್ಮವ್ವ, ಸೀಮಾಳ ತಾಯಿ